ಹಾಡುವ ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕು?

(ಭಜನಾ ಮಂಡಳಿ ಮತ್ತು ಯುವಕ ಸಂಘದ ಕೂಡುಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರ, ಕೊಟ್ಟಿಗೆ ಗೊಬ್ಬರ, ಮೆಕ್ಕೆಜೋಳದ ಸೈನಿಕ ಹುಳು ಇವುಗಳ ಮಾತಾಡಬೇಕಾದ ಗ್ರಾಮಸೇವಕನು ಈ ಹೊತ್ತು ಸಂಗೀತ ಕಾಲೇಜಿನ ಮಾತೆತ್ತಿದನಲ್ಲಾ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಆದರೆ ಕೇಳಿರಿ. ನಮ್ಮ ಬ್ಲಾಕಿನಲ್ಲಿ ಮೂರು ಎಕರೆ ಜಮೀನಿನ ರೈತರೊಬ್ಬರ ಮಗಳು ಈ ಸಲ ಪಿ.ಯು.ಸಿ. ಪಾಸಾಗಿದ್ದಾಳೆ. ಏಳೆಂಟು ವರ್ಷದಿಂದ ಭಜನಾ ಮಂಡಳಿಯ ಪೇಟಿ ಮಾಸ್ತರರ ಬಳಿ ಕುಳಿತು ಹಾಡಿದವಳು. ಅವಳಿಗೆ ಧಾರವಾಡದಲ್ಲೊಂದು, ಮೈಸೂರಿನಲ್ಲೊಂದು, ಹೀಗೆ ಎರಡು ಕಡೆ ಸಂಗೀತದ ಪದವಿ ತರಗತಿಗೆ ಸೇರುವ ಅವಕಾಶ ದೊರೆತಿದೆ. ಖರ್ಚಿಗಾಗಿ ಮನೆಯ ಜೋಡೆತ್ತು ಮಾರುವ ಮಾತು ನಡೆದಿದೆ. ತಂದೆಗೆ ಮೈಸೂರಿನ ಮೇಲೆ ಮನಸ್ಸು. ಅಲ್ಲಿ ಅವರ ಷಡ್ಡಕರ ಮನೆ ಇದೆ. ತಾಯಿಗೆ ಧಾರವಾಡವೇ ಆಗಬೇಕು. ಹರಿಹರದಲ್ಲಿ ರೈಲು ಹತ್ತಿದರೆ ಅದೇ ಹತ್ತಿರ. ಅವರ ಒಪ್ಪಿಗೆ ಪಡೆದೇ ಈ ವಿಚಾರವನ್ನು ಸಭೆಯ ಮುಂದಿಡುತ್ತಿದ್ದೇನೆ. ಏಕೆಂದರೆ ನಾಳೆ ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಏಳಬಹುದು.

ಷಡ್ಡಕರ ಮನೆಯೂ ಒಳ್ಳೆಯದೇ, ಹತ್ತಿರದ ಊರೂ ಒಳ್ಳೆಯದೇ. ಆದರೆ ಮೊದಲು ತೀರ್ಮಾನವಾಗಬೇಕಾದ್ದು ಊರಲ್ಲ, ಪದ್ಧತಿ. ಧಾರವಾಡದಲ್ಲಿ ಅವಳು ಕಲಿಯುವುದು ಹಿಂದೂಸ್ತಾನಿ, ಮೈಸೂರಿನಲ್ಲಿ ಕಲಿಯುವುದು ಕರ್ನಾಟಕ ಸಂಗೀತ. ನಮ್ಮದು ತುಂಗಭದ್ರೆಯ ದಂಡೆಯ ಸೀಮೆ. ಹೊಳೆಯ ಆಚೆ ಒಂದು, ಈಚೆ ಒಂದು ಎಂಬಂತೆ ಎರಡೂ ನಮ್ಮ ಕಿವಿಗೆ ಬಿದ್ದಿವೆ. ಆದ್ದರಿಂದಲೇ ಎರಡೂ ಒಂದೇ ಎಂದು ನಾವು ತಿಳಿದುಬಿಡುತ್ತೇವೆ. ಹಿಂಗಾರಿಯ ಎರೆಭೂಮಿಗೆ ಎಂ. 35-1 ಜೋಳ ಎಷ್ಟು ಒಳ್ಳೆಯದೆಂದು ನಿಮಗೆ ಗೊತ್ತು. ಅದನ್ನೇ ಮುಂಗಾರಿನಲ್ಲಿ ಮಸಾರಿ ನೆಲಕ್ಕೆ ಬಿತ್ತಿ ಬೆಳೆ ಬಾರದಿದ್ದರೆ ತಪ್ಪು ಬೀಜದ್ದೂ ಅಲ್ಲ, ನೆಲದ್ದೂ ಅಲ್ಲ.

ಎರಡಕ್ಕೂ ಇರುವ ಅಂತರವನ್ನು ಸ್ಥೂಲವಾಗಿ ಹೇಳುತ್ತೇನೆ. ಕರ್ನಾಟಕ ಪದ್ಧತಿಯಲ್ಲಿ ಮಗು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ಹಿಡಿದು ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ನಂಬಿರುವ ದಾರಿಯಿದು. ನೂರಾರು ರಚನೆ ಬಾಯಿಗೆ ಬರಬೇಕು, ತೊಡೆಯ ಮೇಲೆ ಕೈ ತಾಳ ತಪ್ಪಬಾರದು, ಸ್ವರವನ್ನು ತೂಗಿ ಹಾಡುವ ಗಮಕ ಕೂಡಬೇಕು. ಜೊತೆಗೆ ಪಿಟೀಲು, ಮೃದಂಗ. ಹಿಂದೂಸ್ತಾನಿಯಲ್ಲಿ ಸಾಹಿತ್ಯ ಎರಡು ನಾಲ್ಕು ಸಾಲು ಮಾತ್ರ. ಒಂದೇ ರಾಗವನ್ನು ತಿಂಗಳುಗಟ್ಟಲೆ ಹಿಡಿದು, ಒಂದೊಂದೇ ಸ್ವರದ ಮೇಲೆ ಅಲುಗದೆ ನಿಂತು, ನಿಧಾನವಾಗಿ ಬೆಳೆಸಬೇಕು. ಬೆಳಗಿನ ರಾಗ ಬೆಳಗ್ಗೆ, ಸಂಜೆಯದು ಸಂಜೆಗೆ. ಜೊತೆಗೆ ತಬಲಾ, ಪೇಟಿ. ಪೇಟಿಯ ಮನೆಗಳು ಗಟ್ಟಿಯಾಗಿ ನಿಂತ ಸ್ವರ ಕೊಡುತ್ತವೆ. ಒಂದರಿಂದ ಇನ್ನೊಂದಕ್ಕೆ ತೂಗಲು ಅವಕ್ಕೆ ಬರುವುದಿಲ್ಲ. ಏಳೆಂಟು ವರ್ಷ ಪೇಟಿಯೊಡನೆ ಹಾಡಿದ ಗಂಟಲು ನಿಂತ ಸ್ವರಕ್ಕೆ ಒಗ್ಗಿರುತ್ತದೆ. ಹದಿನೆಂಟು ತುಂಬಿದ ಮೇಲೆ ಅದನ್ನು ಗಮಕಕ್ಕೆ ತಿರುಗಿಸುವುದು ಆಗದ ಕೆಲಸವೇನಲ್ಲ. ಆದರೆ ಪದವಿಯ ವರ್ಷಗಳು ಹಳೆಯದನ್ನು ಮರೆಯುವುದಕ್ಕೇ ಮುಗಿದಾವು.

ಎರಡನ್ನೂ ಒಟ್ಟಿಗೆ ಕಲಿಯಲಿ ಎನ್ನುವವರಿಗೆ ಒಂದು ಮಾತು. ಗಂಗೂಬಾಯಿ ಹಾನಗಲ್ (1913–2009) ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ಅವಳ ಕಿವಿಯಲ್ಲಿ ಎರಡೂ ಕಲಸಿಹೋಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಎತ್ತು ಮಾರುವುದು ದೊಡ್ಡದೋ, ಹಾಡುವವರು ಹಾಡು ಬಿಡುವುದು ದೊಡ್ಡದೋ, ನೀವೇ ಯೋಚಿಸಿ. ಮುಂದೆ ಆ ಮಗಳು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರ ಬಳಿ ಕಲಿತರು. ಈಗ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ. ಇನ್ನು, ಧಾರವಾಡದ ಹತ್ತಿರದ ಮನ್ಸೂರಿನ ರೈತರ ಮಗ ಮಲ್ಲಿಕಾರ್ಜುನ ಮನ್ಸೂರ (1910–1992) ಅವರಿಗೆ ಮೊದಲು ಪಾಠವಾದದ್ದು ಕರ್ನಾಟಕ ಪದ್ಧತಿಯಲ್ಲಿ. ಹಿಂದೂಸ್ತಾನಿಗೆ ತಿರುಗಿದ್ದು ಆಮೇಲೆ. ಆದರೆ ಅವರು ತಿರುಗಿದ್ದು ಇನ್ನೂ ಹುಡುಗರಾಗಿದ್ದಾಗ ಎಂಬುದನ್ನು ಮರೆಯಬಾರದು. ಗದುಗಿನ ಪಂಚಾಕ್ಷರಿ ಗವಾಯಿಗಳು ಎರಡರಲ್ಲೂ ಪಾರಂಗತರಾಗಿದ್ದರು ನಿಜ. ಅವರು ಇಡೀ ಬಾಳನ್ನೇ ಸಂಗೀತಕ್ಕೆ ಕೊಟ್ಟವರು. ಕಾಲೇಜಿನ ಆರು ಸೆಮಿಸ್ಟರನ್ನಲ್ಲ.

ಪದ್ಧತಿ ಗೊತ್ತಾದ ಮೇಲೆ ಕಾಲೇಜನ್ನು ನೋಡಬೇಕು. ಹೊಸ ತಳಿ ಬಂದಾಗ ನಾವು ಚೀಲದ ಮೇಲಿನ ಬಣ್ಣದ ಚಿತ್ರ ನೋಡಿ ಕೊಳ್ಳುವುದಿಲ್ಲ. ಪ್ರಾತ್ಯಕ್ಷಿಕೆ ತಾಕಿಗೆ ಹೋಗಿ ತೆನೆ ಹಿಡಿದು ನೋಡುತ್ತೇವೆ. ಸಂಗೀತ ಕಾಲೇಜಿಗೆ ಕೊನೆಯ ವರ್ಷದ ವಿದ್ಯಾರ್ಥಿಗಳೇ ಆ ತಾಕು. ಪಾಠ ನಡೆಯುವ ದಿನವೇ ಹೋಗಿರಿ. ಕೊನೆಯ ವರ್ಷದ ಒಬ್ಬರನ್ನು ಒಂದು ರಾಗ ಹಾಡಿರೆಂದು ಕೇಳಿಕೊಳ್ಳಿರಿ. ಅರ್ಧ ಗಂಟೆ ಒಂದೇ ರಾಗದಲ್ಲಿ ನಿಲ್ಲಬಲ್ಲರೇ, ತಂಬೂರಿಯನ್ನು ತಾವೇ ಶ್ರುತಿ ಮಾಡಿಕೊಳ್ಳಬಲ್ಲರೇ? ಇದಕ್ಕೆ ರಾಗಜ್ಞಾನ ಬೇಕಿಲ್ಲ. ಶ್ರುತಿ ತಪ್ಪಿದರೆ ಭಜನೆಯಲ್ಲಿ ಕೂತು ಹಣ್ಣಾದ ನಿಮ್ಮ ಕಿವಿಗೇ ಚುಚ್ಚುತ್ತದೆ. ಬಳಿಕ ಒಬ್ಬ ಗುರುವಿನ ಮುಂದೆ ಎಷ್ಟು ಮಕ್ಕಳು ಕೂರುತ್ತಾರೆಂದು ಎಣಿಸಿರಿ. ನಲವತ್ತು ಮಂದಿ ಒಟ್ಟಿಗೆ ಹಾಡುವಲ್ಲಿ ನಿಮ್ಮ ಮಗಳ ತಪ್ಪು ಯಾರಿಗೂ ಕೇಳಿಸದು. ತಬಲಾ ಅಥವಾ ಮೃದಂಗದ ಸಾಥಿಗೆ ಖಾಯಂ ಜನ ಇದ್ದಾರೆಯೇ, ಪರೀಕ್ಷೆಯ ದಿನ ಮಾತ್ರ ಕರೆತರುತ್ತಾರೆಯೇ ಎಂಬುದನ್ನೂ ಕೇಳಬೇಕು.

ಇನ್ನೊಂದನ್ನು ಬಹಳ ಜನ ಕೇಳುವುದೇ ಇಲ್ಲ. ಅದು ವಿದ್ಯಾರ್ಥಿನಿಲಯದ ಸಂಗತಿ. ಬೆಳಗಿನ ಜಾವ ಐದು ಗಂಟೆಗೆ ಎದ್ದು ಧ್ವನಿ ಬಿಟ್ಟು ಸಾಧನೆ ಮಾಡಲು ಅಲ್ಲಿ ಜಾಗವಿದೆಯೇ? ಪಕ್ಕದ ಕೋಣೆಯ ಹುಡುಗಿಯರಿಗೆ ನಿದ್ದೆ ಕೆಡುತ್ತದೆಂದು ಬಾಯಿ ಮುಚ್ಚಿಸಿದರೆ ಕಾಲೇಜು ಎಷ್ಟು ದೊಡ್ಡದಾದರೇನು! ಷಡ್ಡಕರ ಮನೆಗೂ ಈ ಪ್ರಶ್ನೆ ಅನ್ವಯಿಸುತ್ತದೆ. ನೆಂಟರ ಮನೆಯಲ್ಲಿ ಹೆಣ್ಣುಮಗಳು ಐದು ಗಂಟೆಗೆ ಎದ್ದರೆ ಅವಳ ಕೈಗೆ ತಂಬೂರಿ ಬರುತ್ತದೋ ಪೊರಕೆ ಬರುತ್ತದೋ, ತಾಯಂದಿರೇ ಹೇಳಬೇಕು.

ಹೊಟ್ಟೆಪಾಡಿನ ಮಾತನ್ನು ಮುಚ್ಚಿಡಬಾರದು. ಸಂಗೀತದ ಪದವಿ ಮುಗಿದೊಡನೆ ತಿಂಗಳ ಸಂಬಳ ಬರುವುದೆಂದು ಎಣಿಸಿ ಎತ್ತು ಮಾರಬೇಡಿರಿ. ಕಾಲೇಜಿನಲ್ಲಿ ಕಲಿಸಬೇಕಾದರೆ ಸ್ನಾತಕೋತ್ತರ ಪದವಿ, ಅದರ ಮೇಲೆ ಎನ್.ಇ.ಟಿ. ಅಥವಾ ಕೆ-ಸೆಟ್ ಪರೀಕ್ಷೆ ಆಗಬೇಕು. ಆಕಾಶವಾಣಿಯವರು ಧ್ವನಿಪರೀಕ್ಷೆ ಮಾಡಿ ದರ್ಜೆ ಕೊಡುತ್ತಾರೆ; ಅದು ಗೌರವದ ಸಂಗತಿ, ನೌಕರಿಯಲ್ಲ. ಉಳಿದಂತೆ ಮನೆಪಾಠ, ಕಾರ್ಯಕ್ರಮ. ಬಿ.ಎಡ್. ಮಾಡಿ ಶಾಲೆಯಲ್ಲಿ ಕನ್ನಡವನ್ನೋ ಚರಿತ್ರೆಯನ್ನೋ ಕಲಿಸುವ ಆಸೆಯಿದ್ದರೆ, ಆ ವಿಷಯಗಳ ಜೊತೆಗೆ ಸಂಗೀತವನ್ನೂ ಒಂದು ವಿಷಯವಾಗಿ ಕೊಡುವ ಬಿ.ಎ. ತರಗತಿಯೇ ಮೇಲು. ಆದರೆ ಅಲ್ಲಿ ಸಂಗೀತದ ಪಾಲಿಗೆ ಸಿಗುವ ಹೊತ್ತು ಕಡಿಮೆ. ಗಾಯಕಿಯಾಗಬೇಕೆಂದು ಹಟ ಹಿಡಿದವಳಿಗೆ ಅದು ಸಾಲದು. ಇದನ್ನು ತಂದೆ ತಾಯಿ ತಾವೇ ಕೂತು ಊಹಿಸಿದರೆ ಆಗುವುದಿಲ್ಲ, ಮಗಳನ್ನೇ ಕೇಳಬೇಕು. ಈ ಮನೆಯಲ್ಲಿ ಅವಳನ್ನು ಕೇಳಿದ್ದು ಎಲ್ಲರ ಮಾತೂ ಮುಗಿದ ಮೇಲೆ! ಹಾಡೇ ಬೇಕು ಎಂದಳು.

ಹಾಗಿದ್ದಲ್ಲಿ ಈ ಹುಡುಗಿಗೆ ಧಾರವಾಡವೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಹತ್ತಿರವೆಂದಲ್ಲ, ಅವಳ ಗಂಟಲು ಆ ದಾರಿ ಹಿಡಿದಾಗಿದೆ. ಇದೇ ಬ್ಲಾಕಿನಲ್ಲಿ ಚಿಕ್ಕಂದಿನಿಂದ ಪಿಟೀಲು ಕಲಿತು ವರ್ಣ, ಕೃತಿಗಳನ್ನು ನುಡಿಸುವ ಹುಡುಗನೊಬ್ಬನಿದ್ದಾನೆ. ಅವನ ತಂದೆ ಕೇಳಿದ್ದರೆ ಮೈಸೂರಿನ ರೈಲು ಹತ್ತಿಸಿರಿ ಎನ್ನುತ್ತಿದ್ದೆ.

ಖರ್ಚಿನ ವಿಷಯವಾಗಿ ಎರಡು ಮಾತು. ಮೊದಲ ವರ್ಷವೇ ತಂಬೂರಿ ಕೊಳ್ಳುವ ಅವಶ್ಯಕತೆಯಿಲ್ಲ. ಮೊಬೈಲಿನಲ್ಲೇ ಶ್ರುತಿ ಸಿಗುತ್ತದೆ, ಸಾಧನೆಗೆ ಸಾಕು. ರೈತರ ಮಕ್ಕಳಿಗೆಂದು ರಾಜ್ಯ ಸರ್ಕಾರವು 2021ರಲ್ಲಿ ರೈತ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ನೀವು ಸೇರಿಸುವ ತರಗತಿಗೆ ಈ ವರ್ಷ ಅದು ದೊರೆಯುವುದೇ, ಬೇರೆ ಯಾವ ವೇತನಕ್ಕೆ ಅರ್ಜಿ ಹಾಕಬಹುದು ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ಶುಲ್ಕ ಕಟ್ಟುವ ಮುಂಚೆಯೇ ವಿಚಾರಿಸಿರಿ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಿರಿ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ವರ್ಗಾವಣೆ ಪತ್ರ ಇವುಗಳ ನಕಲುಗಳೂ ಜೊತೆಗಿರಲಿ. ಬರುವ ಗುರುವಾರ ಬೆಳಿಗ್ಗೆ ನಾನು ಪಂಚಾಯಿತಿ ಕಚೇರಿಯಲ್ಲಿರುತ್ತೇನೆ. ಅರ್ಜಿ ತುಂಬುವವರು ಮಕ್ಕಳನ್ನು ಕರೆದುಕೊಂಡೇ ಬನ್ನಿರಿ. ಎತ್ತಿನ ವ್ಯಾಪಾರವನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.