ಏರಿಯ ಮೇಲೊಂದು ಸುತ್ತು
(ಚೆನ್ನೈಯಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಪ್ರವಾಸವೆಂದೊಡನೆ ನಮಗೆ ನೆನಪಾಗುವುದು ತೀರ್ಥಕ್ಷೇತ್ರ, ಇಲ್ಲವೇ ಗಿರಿಧಾಮ. ಇಂದು ನಾನು ತಮ್ಮ ಮುಂದಿಡುವುದು ಅವೆರಡೂ ಅಲ್ಲದ, ವೃದ್ಧರೂ ಮಕ್ಕಳೂ ನಿರಾಯಾಸವಾಗಿ ನಡೆಯಬಹುದಾದ ಒಂದು ಸುತ್ತು. ಈ ನಗರದಿಂದ ಸುಮಾರು 75 ಕಿ.ಮೀ. ದೂರದಲ್ಲಿ, ಚೆಂಗಲ್ಪಟ್ಟು ಜಿಲ್ಲೆಯಲ್ಲಿರುವ ವೇಡಂತಾಂಗಲ್ ಅದರ ನೆಲೆ.

ಮೊದಲಿಗೆ ಭಾಷೆಯ ಒಂದು ಸೋಜಿಗ. ನಮಗೆ ಏರಿಯೆಂದರೆ ಕೆರೆಯ ಕಟ್ಟೆ. ತಮಿಳರಿಗೆ ಏರಿಯೆಂದರೆ ಕೆರೆಯೇ. ಅವರ ‘ಕರೈ’ ನಮ್ಮ ದಡ. ಹೀಗೆ ಕಟ್ಟೆಯೂ ನೀರೂ ಹೆಸರು ಅದಲುಬದಲು ಮಾಡಿಕೊಂಡಿರುವ ಈ ನಾಡಿನಲ್ಲಿ ನಾನು ಅನೇಕ ಸಲ ಆ ಏರಿಯ ಮೇಲೆ ನಡೆದಿದ್ದೇನೆ.

ಈಶಾನ್ಯ ಮಾರುತದ ಮಳೆಯಿಂದ ಕೆರೆ ತುಂಬಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೋಗಬೇಕು. ಕೆರೆಯ ವಿಸ್ತಾರ ಸುಮಾರು 30 ಹೆಕ್ಟೇರು. ನೀರಿನಲ್ಲಿ ನಿಂತೇ ಬದುಕಬಲ್ಲ ಮರಗಳ ಮೇಲೆ ಬಾಯ್ಕಳಕ ಕೊಕ್ಕರೆ, ಕೆಂಬರಲು, ನೀರುಕಾಗೆ, ಹೆಜ್ಜಾರ್ಲೆಗಳ ಗೂಡುಗಳು. ಏರಿಯಿಳಿದು ಗದ್ದೆಯ ಬದು ಹಿಡಿದು, ಕುರುಚಲು ಮರಗಳ ನೆರಳಿನಲ್ಲಿ ಹಾದು ಮತ್ತೆ ಊರನ್ನು ಸೇರಿದರೆ ಒಂದು ಸುತ್ತು ಮುಗಿಯುತ್ತದೆ.

ಈ ಸುತ್ತಿನಲ್ಲಿಯೇ ಒಂದು ತತ್ತ್ವವಿದೆ. ಹಕ್ಕಿಯ ಹಿಕ್ಕೆ ಬಿದ್ದ ಕೆರೆಯ ನೀರು ಸಾರಜನಕದಿಂದ ತುಂಬಿ ತೂಬಿನ ಮೂಲಕ ಗದ್ದೆಗೆ ಹರಿಯುತ್ತದೆ. ಗದ್ದೆಯ ಬಸವನಹುಳುವನ್ನು ಬಾಯ್ಕಳಕ ಕೊಕ್ಕರೆ ಹೆಕ್ಕಿ ತನ್ನ ಮರಿಗಳಿಗೆ ಒಯ್ಯುತ್ತದೆ. ಕೆರೆಯಿಂದ ಗದ್ದೆಗೆ, ಗದ್ದೆಯಿಂದ ಗೂಡಿಗೆ: ಇದೂ ಒಂದು ಪ್ರದಕ್ಷಿಣೆಯೇ. ಇದನ್ನರಿತ ರೈತರು, ಬಿಳಿಯ ಸೈನಿಕರು ಹಕ್ಕಿಗಳಿಗೆ ಗುಂಡಿಟ್ಟಾಗ ಕಲೆಕ್ಟರನ ಬಳಿಗೆ ದೂರು ಒಯ್ದರು. 1798ರಲ್ಲಿ ಹಕ್ಕಿಗಳನ್ನು ಕಾಯುವ ತಮ್ಮ ಹಕ್ಕಿಗೆ ಮನ್ನಣೆ ಪಡೆದರು. ಬೇಡರ ಹಳ್ಳಿಯೆಂದು ಅರ್ಥ ಹೇಳಲಾಗುವ ಊರಿನವರೇ ಬೇಟೆಯನ್ನು ತಡೆದರು! ಅದು ಬರಿಯ ಕರುಣೆಯಲ್ಲ, ಬೇಸಾಯದ ವಿವೇಕ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿಯೂ ಇದೇ ಬಾಂಧವ್ಯ. ಅಲ್ಲಿ ಮನೆಯಂಗಳದ ಹುಣಿಸೆಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಗಡಿ, ಭಾಷೆ ಬೇರೆಯಾದರೂ ರೈತನ ಜಾಣ್ಮೆ ಒಂದೇ.

ಆದರೆ ಕೆರೆಯನ್ನಷ್ಟೇ ಉಳಿಸಿದರೆ ಹಕ್ಕಿ ಉಳಿಯದು. ಗೂಡಿರುವುದು ಕೆರೆಯಲ್ಲಿ, ಉಣಿಸಿರುವುದು ಸುತ್ತಲ ಗದ್ದೆ, ಕುಂಟೆಗಳಲ್ಲಿ. ಅದಕ್ಕಾಗಿಯೇ 1998ರಲ್ಲಿ ಕೆರೆಯ ಸುತ್ತ 5 ಕಿ.ಮೀ. ಪ್ರದೇಶವನ್ನು ಪಕ್ಷಿಧಾಮವೆಂದು ಸಾರಲಾಯಿತು. 2020ರಲ್ಲಿ ಅದನ್ನು 3 ಕಿ.ಮೀ.ಗೆ ಇಳಿಸುವ ಪ್ರಸ್ತಾಪ ಬಂದಾಗ ವ್ಯಾಪಕ ವಿರೋಧ ಎದ್ದಿತು. 2022ರಲ್ಲಿ ಈ ಕೆರೆಗೂ, ನಮ್ಮ ರಂಗನತಿಟ್ಟಿಗೂ ಅಂತರರಾಷ್ಟ್ರೀಯ ರಾಮ್‌ಸಾರ್ ಮನ್ನಣೆ ದೊರೆಯಿತು. ಮನ್ನಣೆಯ ಫಲಕ ಕೆರೆಯ ದಡದಲ್ಲಿ ನಿಲ್ಲಬಹುದು. ಗದ್ದೆ ನಿವೇಶನವಾದರೆ, ಕಾರ್ಖಾನೆಯ ಕೊಳೆ ಕುಂಟೆಗೆ ಸೇರಿದರೆ, ಆ ಫಲಕವನ್ನು ಓದಲು ಹಕ್ಕಿಗಳು ಬರಲಾರವು.

ನಾವು ಪರನಾಡಿನಲ್ಲಿ ನೆಲೆಸಿದವರು. ಅನ್ನ, ನೀರು ಕೊಟ್ಟ ನೆಲದ ಕೆರೆಗಳ ಕಷ್ಟಸುಖ ನಮಗೆ ಸಂಬಂಧಿಸಿದ್ದಲ್ಲವೆನ್ನುವುದು ತರವಲ್ಲ. ಕಾವೇರಿಯ ಹೆಸರಿನಲ್ಲಿ ಎರಡು ರಾಜ್ಯಗಳ ಮನಸ್ಸು ಕದಡಿದಾಗ ಎಷ್ಟು ಆತಂಕಪಟ್ಟಿದ್ದೇವೆಂಬುದು ನಮ್ಮಲ್ಲಿ ಹಿರಿಯರಿಗೆ ಗೊತ್ತು. ನೀರು ಜಗಳಕ್ಕಷ್ಟೇ ಅಲ್ಲ, ನೆರೆಹೊರೆಗೂ ಕಾರಣವಾಗಬಲ್ಲದು.

ಆದ್ದರಿಂದ ನನ್ನ ಸೂಚನೆ ಇಷ್ಟು: ಬರುವ ಜನವರಿಯಲ್ಲಿ ಸಂಘದ ಪ್ರವಾಸ ಅಲ್ಲಿಗಾಗಲಿ. ಧ್ವನಿವರ್ಧಕ ಬೇಡ, ಪ್ಲಾಸ್ಟಿಕ್ ಬೇಡ. ಬುತ್ತಿಯೂ ಒಂದೆರಡು ದುರ್ಬೀನುಗಳೂ ಸಾಕು. ಮಕ್ಕಳು ಊರಿನ ರೈತರನ್ನು ತಮಿಳಿನಲ್ಲಿ ಮಾತನಾಡಿಸಲಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಆ ಬರಹಗಳಿಗೆ ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಕಾದಿರಿಸಬೇಕೆಂದು ಸಂಪಾದಕರಲ್ಲಿ ಕೋರಿ ನನ್ನ ಮಾತು ಮುಗಿಸುತ್ತೇನೆ.