ಫ್ಯೂಸ್ ಇರೋ ಜಾಗದಾಗ ತಂತಿ ಸುತ್ತಬ್ಯಾಡ್ರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಕಿವಿಯಾಗ ಇಯರ್‌ಫೋನ್ ಹಾಕ್ಕೊಂಡು ಗಾಡಿ ಹೊಡಕೋತ ಇದನ್ನ ಕೇಳಾಕತ್ತಿದ್ರ, ಮೊದಲು ಸೈಡಿಗೆ ನಿಲ್ಲಸ್ರಿ. ಮನಿಗೆ ಹೋಗಿ ಕೇಳಬಹುದು, ನಾ ಎಲ್ಲೂ ಓಡಿ ಹೋಗಂಗಿಲ್ಲ.

ನಾನು ರೋಣದಾಗ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡವನು. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆಯ ಗಾಡಿಗಳು ನನ್ನ ಕೈಯಲ್ಲಿ ಹಾದು ಹೋಗುತ್ತವೆ. ಇಂಜಿನ್ ಬಗ್ಗೆ, ಮೈಲೇಜ್ ಬಗ್ಗೆ ಮಾತಾಡೋರು ಭಾಳ ಮಂದಿ ಇದ್ದಾರೆ. ವೈರಿಂಗ್ ಬಗ್ಗೆ ಯಾರೂ ಮಾತಾಡೋದಿಲ್ಲ. ಅದು ಟೇಪಿನ ಒಳಗ, ಟ್ಯಾಂಕಿನ ಕೆಳಗ ಅಡಗಿ ಕುಂತಿರತೈತಿ. ಕೆಡೋವರೆಗೂ ಅದರ ನೆನಪು ಯಾರಿಗೂ ಬರೋದಿಲ್ಲ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕಡಲೆ ರಾಶಿಯ ಟೈಮು. ನನ್ನ ತಮ್ಮನ ಗಾಡಿಯ ಫ್ಯೂಸ್ ಒಂದೇ ವಾರದಲ್ಲಿ ಮೂರು ಸಲ ಹೋಯಿತು. ನಾಲ್ಕನೇ ಸಲ ಬಂದಾಗ ಅಂಗಡಿಯಲ್ಲಿ ಫ್ಯೂಸ್ ಖಾಲಿ, ಅವನಿಗೆ ಅವಸರ. ನಾನು ಒಂದು ತಾಮ್ರದ ಎಳೆ ಸುತ್ತಿ ಕೂಡಿಸಿದೆ. "ಅಣ್ಣಾ, ಹಿಂಗ ಮಾಡಿದ್ರ ನಡೀತೈತೇನು?" ಅಂದ. "ನಡೀತೈತಿ ಹೋಗಲೇ" ಅಂದೆ. ಎಂಟು ದಿನ ನಡೀತು. ಒಂಬತ್ತನೇ ದಿನ ರಾತ್ರಿ ನರಗುಂದದಿಂದ ಬರುವಾಗ, ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಕೂಡಲೇ ಟ್ಯಾಂಕಿನ ಕೆಳಗಿಂದ ಹೊಗೆ ಎದ್ದು ಹೆಡ್‌ಲೈಟ್ ಆರಿತು. ಮುಂದೆ ಮೇವು ಹೇರಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇರಲಿಲ್ಲ. ಭುಜದ ಎಲುಬು ಮುರಿದು ಅವನು ಎರಡು ತಿಂಗಳು ಮನೆಯಲ್ಲೇ ಕುಂತ. ಆಸ್ಪತ್ರೆಯಲ್ಲಿ ನನಗ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೊಲೋ ಇತ್ತು.

ಆಮ್ಯಾಲೆ ಬಿಚ್ಚಿ ನೋಡಿದೆ. ಹ್ಯಾಂಡಲ್ ತಿರುಗುವ ಕುತ್ತಿಗೆ ಭಾಗದಲ್ಲಿ ಒಂದು ವೈರು ಚಾಸಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದಿತ್ತು. ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಮೂರು ಫ್ಯೂಸ್ ಸತ್ತು ನನಗೆ ಅದನ್ನೇ ಹೇಳಿದ್ದವು. ಫ್ಯೂಸ್ ಇರೋದು ಬಲ್ಬ್ ಉಳಿಸಲಿಕ್ಕೆ ಅಂತ ಭಾಳ ಮಂದಿ ತಿಳಿದಿದ್ದಾರೆ. ಅದು ಇರೋದು ವೈರು ಉಳಿಸಲಿಕ್ಕೆ. 10 ಆಂಪಿಯರ್ ಫ್ಯೂಸ್ ಇರುವ ಕಡೆ ತಾಮ್ರದ ತಂತಿ ಸುತ್ತಿದರೆ, ಶಾರ್ಟ್ ಆದಾಗ ಆ ತಂತಿ ಕರಗೋದಿಲ್ಲ, ಅದರ ಮುಂದಿನ ಸಣ್ಣ ವೈರು ಕೆಂಡದಂಗ ಕಾಯುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರತೈತಿ. ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆ ಸುತ್ತೋದೂ ಇದೇ ಕೆಲಸ.

ಹಂಗಾದರೆ ಪದೇ ಪದೇ ಫ್ಯೂಸ್ ಹೋಗುವ ಗಾಡಿಯಲ್ಲಿ ಶಾರ್ಟ್ ಎಲ್ಲಿದೆ ಅಂತ ಹುಡುಕೋದು ಹೆಂಗ? ಒಂದೊಂದೇ ಹೊಸ ಫ್ಯೂಸ್ ಸುಟ್ಟುಕೊಂಡು ಹುಡುಕಬ್ಯಾಡ್ರಿ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದಕ್ಕೆ ಎರಡು ವೈರ್ ಜೋಡಿಸಿ, ಫ್ಯೂಸ್ ತೆಗೆದ ಜಾಗದ ಎರಡೂ ತುದಿಗೆ ಕೊಡ್ರಿ. ಈಗ ಎಷ್ಟೇ ಶಾರ್ಟ್ ಇದ್ದರೂ ಆ ದಾರಿಯಲ್ಲಿ ಎರಡು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯೋದಿಲ್ಲ, ಏನೂ ಸುಡೋದಿಲ್ಲ. ಹೆಡ್‌ಲೈಟ್, ಹಾರ್ನ್, ಬಾಲದ ಲೈಟಿನ ಕಪ್ಲರ್ ಬಿಚ್ಚಿಟ್ಟು ಕೀ ಆನ್ ಮಾಡ್ರಿ. ಬಲ್ಬ್ ಝಗ್ ಅಂತ ಪೂರ್ತಿ ಉರಿದರೆ ಶಾರ್ಟ್ ಇದೆ. ಉರಿಯದಿದ್ದರೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸ್ರಿ, ಸೀಟಿನ ಕೆಳಗಿನ ವೈರಿಂಗ್ ಅಲ್ಲಾಡಸ್ರಿ. ಯಾವ ಜಾಗ ಮುಟ್ಟಿದಾಗ ಬಲ್ಬ್ ಮಿನುಗುತ್ತದೋ ಅಲ್ಲಿ ಟೇಪ್ ಬಿಚ್ಚಿ ನೋಡ್ರಿ. ಇಷ್ಟಕ್ಕೆ ಖರ್ಚು ಒಂದು ಹಳೇ ಬಲ್ಬು. ಆವತ್ತು ನನಗ ಹತ್ತು ನಿಮಿಷದ ತಾಳ್ಮೆ ಇದ್ದಿದ್ದರೆ ಸಾಕಿತ್ತು.

ನಮ್ಮ ಕಡೆಯ ಗಾಡಿಗಳಿಗೆ ಇನ್ನೊಂದು ಕಾಟ ಐತಿ, ಎರಿ ಮಣ್ಣು. ಗಜೇಂದ್ರಗಡದ ಗುಡ್ಡದ ಕಡೆ ಗಾಡಿಗೆ ಕೆಂಪು ಧೂಳು ಬಡಿಯುತ್ತದೆ, ಜಾಡಿಸಿದರೆ ಹೋಗುತ್ತದೆ. ರೋಣ, ನರಗುಂದದ ಎರಿ ಹಂಗಲ್ಲ. ಮಳಿಯಾಗ ಹೊಲದ ದಾರಿ ಹಿಡಿದು ಬಂದ ಗಾಡಿಯ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು, ಒಣಗಿ ಕಲ್ಲಿನಂಗ ಆಗಿ, ಒಳಗೆ ಮಾತ್ರ ಹಸಿ ಹಿಡಕೊಂಡು ಕೂಡುತ್ತದೆ. ಅಲ್ಲಿಂದ ಬಾಲದ ಲೈಟಿನ ಕಪ್ಲರಿಗೆ, ಚಾಸಿಗೆ ಅರ್ಥಿಂಗ್ ಬೋಲ್ಟ್ ಹಾಕಿದ ಜಾಗಕ್ಕೆ ಆ ಹಸಿ ಇಳಿಯುತ್ತದೆ. ಕಪ್ಲರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಅದು ಕಿಲುಬು. ಹಿತ್ತಾಳಿ ತಂಬಗಿಗೆ ಹಿಡಿಯೋದೇ ಇದು.

ಅರ್ಥಿಂಗ್ ಕೆಟ್ಟರೆ ಗಾಡಿ ವಿಚಿತ್ರವಾಗಿ ಆಡುತ್ತದೆ. ಬ್ರೇಕ್ ಹಿಡಿದರೆ ಇಂಡಿಕೇಟರ್ ಮಂದ ಆಗುತ್ತದೆ, ಹಾರ್ನ್ ಒತ್ತಿದರೆ ಲೈಟ್ ಮಿಣಕ್ ಅನ್ನುತ್ತದೆ. ಹುಡುಗರು "ಬ್ಯಾಟ್ರಿ ಹೋಗೈತಿ ಮಾಮಾ" ಅಂತ ಹೊಸಾದ್ದು ಹಾಕಿಸಿ ಸಾವಿರಗಟ್ಟಲೆ ಕಳಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಒಂದು ಮಲ್ಟಿಮೀಟರ್ ತಗೊಳ್ರಿ, ಅಗ್ಗದ್ದಾದರೂ ನಡೀತೈತಿ. 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಇಂಜಿನ್ನಿನ ಬರೀ ಕಬ್ಬಿಣ ಕಾಣುವ ಬೋಲ್ಟಿಗೆ ಹಿಡಿದು ಸೆಲ್ಫ್ ಒತ್ತಿ ನೋಡ್ರಿ. ಸೊನ್ನೆ ಪಾಯಿಂಟ್ ಎರಡು, ಮೂರರ ಒಳಗೆ ತೋರಿಸಿದರೆ ಅರ್ಥಿಂಗ್ ಸರಿ ಐತಿ. ಅರ್ಧ ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರಿನಿಂದ ಪೇಂಟು, ತುಕ್ಕು ತೆಗೆದು ಬಿಗಿ ಮಾಡ್ರಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚ್ರಿ. ಬ್ಯಾಟರಿ ಬಗ್ಗೆನೂ ಅದೇ ಮೀಟರ್ ಹೇಳುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ 12.6ರ ಸುತ್ತ ಇರಬೇಕು. ಇಂಜಿನ್ ಚಾಲೂ ಮಾಡಿ ರೇಸ್ ಕೊಟ್ಟಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ. ಏರಲೇ ಇಲ್ಲವೆಂದರೆ ಚಾರ್ಜಿಂಗ್ ಇಲ್ಲ. ಹದಿನೈದು ದಾಟಿದರೆ ಆರ್.ಆರ್. ಯೂನಿಟ್ ನೋಡಬೇಕು, ಬಲ್ಬ್ ಮ್ಯಾಲೆ ಬಲ್ಬ್ ಹೋಗೋದು ಅದಕ್ಕೇ.

2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ನೀರು ನುಗ್ಗಿತ್ತಲ್ಲ, ಅಂಥ ನೀರಿನಲ್ಲಿ ಮುಳುಗಿದ ಗಾಡಿಗೆ ಒಂದೇ ಮಾತು: ಕೀ ಹಚ್ಚಬ್ಯಾಡ್ರಿ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚ್ರಿ, ಇಂಜಿನ್ ಆಯಿಲ್, ಪೆಟ್ರೋಲ್ ಆಮ್ಯಾಲೆ. ಪ್ರತಿ ಕಪ್ಲರ್ ಬಿಚ್ಚಿ ರಾಡಿ ತೊಳೆದು, ಗಾಳಿ ಹೊಡೆದು ಒಣಗಿಸಬೇಕು. ಇವತ್ತು ಚಾಲೂ ಆಯಿತು ಅಂತ ಬಿಟ್ಟರೆ ನಾಲ್ಕು ತಿಂಗಳಿಗೆ ಕಿಲುಬು ಮೇಲೆದ್ದು ಬರುತ್ತದೆ.

ಈಗ ಹುಡುಗರ ಶೋಕಿಗೆ ಬರೋಣ. ಎಲ್‌ಇಡಿ ಪಟ್ಟಿ, ಮೊಬೈಲ್ ಚಾರ್ಜರ್, ಜೋಡಿ ಹಾರ್ನ್, ಫಾಗ್‌ಲೈಟ್. ಹಾಕ್ಸಬ್ಯಾಡ್ರಿ ಅನ್ನೋದಿಲ್ಲ, ನಾನೂ ಅದೇ ಮಾರಿ ಹೊಟ್ಟಿ ಹೊರಕೊಳ್ಳವ. ಲೆಕ್ಕ ಮಾತ್ರ ನೋಡ್ರಿ. ಸಣ್ಣ ಗಾಡಿಯ ಹ್ಯಾಲೋಜನ್ ಹೆಡ್‌ಲೈಟ್ 35 ವ್ಯಾಟ್, ಅಂದರೆ ಮೂರು ಆಂಪಿಯರ್. 2017ರ ಏಪ್ರಿಲ್ ನಂತರದ ಹೊಸ ಗಾಡಿಗಳಲ್ಲಿ ಅದು ಹಗಲೂ ಉರಿಯುತ್ತಲೇ ಇರುತ್ತದೆ. ಅದರ ಮೇಲೆ 55 ವ್ಯಾಟಿನ ಎರಡು ಲೈಟ್ ಹಾಕಿದರೆ ಒಂಬತ್ತು ಆಂಪಿಯರ್ ಮೇಲಾಯಿತು. ಅಷ್ಟನ್ನು ಹೆಡ್‌ಲೈಟಿನ ಸಣ್ಣ ವೈರಿಗೆ ಹಲ್ಲಿನಿಂದ ಸಿಪ್ಪೆ ಸುಲಿದು ಸುತ್ತಿ ಟೇಪ್ ಹಚ್ಚಿದರೆ ಏನಾಗುತ್ತದೆ ಅಂತ ನನ್ನ ತಮ್ಮನ ಕಥೆಯಲ್ಲಿ ಕೇಳಿದ್ರಿ. ಹಾಕಲೇಬೇಕಂದರೆ ಬ್ಯಾಟರಿಯಿಂದ ಬೇರೆ ದಪ್ಪ ವೈರು ತಗೊಂಡು, ಬ್ಯಾಟರಿ ಹತ್ತಿರಾನೇ ಅದಕ್ಕೊಂದು ಫ್ಯೂಸ್, ನಡುವೆ ರಿಲೇ ಹಾಕಸ್ರಿ. ಜಾಯಿಂಟ್ ಬೆಸುಗೆ ಹಾಕಿ ಸ್ಲೀವ್ ಏರಿಸಬೇಕು, ಕರೇ ಟೇಪಿನ ಅಂಟು ನಮ್ಮ ಬ್ಯಾಸಗಿಗೆ ಕರಗಿ ಬಿಚ್ಚಿಕೊಳ್ಳುತ್ತದೆ. ಗಾಡಿ 2020ರ ನಂತರದ ಬಿಎಸ್6 ಆಗಿದ್ದರೆ ಕಂಪ್ಯೂಟರ್, ಸೆನ್ಸರ್ ವೈರಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬ್ಯಾಡ್ರಿ. ಆ ಕೆಲಸ ಸ್ಕ್ಯಾನರ್ ಇದ್ದವರಿಗೆ ಬಿಡ್ರಿ.

ಇಲಿ ಬಗ್ಗೆ ಹೇಳೋದು ಮರತಿದ್ದೆ. ಕಾಳಿನ ಚೀಲದ ಪಕ್ಕ ಗಾಡಿ ನಿಲ್ಲಿಸಿದರೆ ಅವು ವೈರನ್ನೂ ರುಚಿ ನೋಡುತ್ತವೆ. ವಾರಗಟ್ಟಲೆ ನಿಲ್ಲಿಸಿದ ಗಾಡಿ ಆದರೆ ಚಾಲೂ ಮಾಡೋ ಮುಂಚೆ ಸೀಟ್ ಎತ್ತಿ ಒಂದ್ಸಲ ನೋಡ್ರಿ.

ಸೀಟ್ ಎತ್ತಿದಾಗ ಫ್ಯೂಸ್ ಡಬ್ಬಿಯನ್ನೂ ತೆಗೀರಿ. ಬಹಳಷ್ಟು ಗಾಡಿಗಳಲ್ಲಿ ಕಂಪನಿಯವರೇ ಒಂದು ಫ್ಯೂಸ್ ಎಕ್ಸ್ಟ್ರಾ ಇಟ್ಟಿರುತ್ತಾರೆ. ತಮ್ಮನ ಗಾಡಿಯಲ್ಲೂ ಇತ್ತು. ಸುಟ್ಟ ವೈರಿಂಗ್ ಬಿಚ್ಚುವಾಗ, ಡಬ್ಬಿಯ ಮುಚ್ಚಳದೊಳಗೆ, ನನಗ ಸಿಕ್ಕಿತು.