ಉಳ್ಳವರ ಕಸ, ಇಲ್ಲದವರ ಹಿತ್ತಲು

ಊರು ಎಂದ ಮೇಲೆ ಕಸ ಇದ್ದೇ ಇರುತ್ತದೆ. ಕಾರ್ಖಾನೆ ಎಂದ ಮೇಲೆ ಹೊಗೆ, ಕೊಳಚೆ, ವಿಷ ಇದ್ದೇ ಇರುತ್ತವೆ. ಅವನ್ನು ಎಲ್ಲಾದರೂ ಒಂದು ಕಡೆ ಸುರಿಯಲೇಬೇಕು. ಎಲ್ಲಿ? ಯಾರ ಮನೆಯ ಹಿತ್ತಲಲ್ಲಿ? ಅದನ್ನು ನಿರ್ಧರಿಸುವವರು ಯಾರು? ನೋಡಲು ಇದು ನಗರಸಭೆಯ ಆರೋಗ್ಯಾಧಿಕಾರಿಯನ್ನು ಕೇಳಬೇಕಾದ ಸಣ್ಣ ಪ್ರಶ್ನೆ. ಆದರೆ ಅಮೆರಿಕದಲ್ಲಿ ಇದೇ ಪ್ರಶ್ನೆ ಒಂದು ಹೊಸ ಚಳವಳಿಯನ್ನು ಹುಟ್ಟುಹಾಕಿತು. ಪರಿಸರ ರಕ್ಷಣೆ ಒಂದು ಕೆಲಸ, ವರ್ಣಭೇದದ ವಿರುದ್ಧದ ಹೋರಾಟ ಇನ್ನೊಂದು ಕೆಲಸ ಎಂದು ತಿಳಿದಿದ್ದವರ ಕಣ್ಣು ತೆರೆಸಿತು. ಆ ಚಳವಳಿಯ ಹೆಸರು 'ಪರಿಸರ ನ್ಯಾಯ'. ಇಂದಿನ ಮಾತು ಅದರ ಕುರಿತು.

ಕಥೆ ಆರಂಭವಾಗುವುದು 1978ರ ಬೇಸಿಗೆಯಲ್ಲಿ, ಉತ್ತರ ಕೆರೊಲಿನಾ ರಾಜ್ಯದಲ್ಲಿ. ಆ ಕಾಲದ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ರಾಸಾಯನಿಕ ಇರುತ್ತಿತ್ತು. ಅದು ಬೇಗ ಕರಗಿ ಹೋಗುವಂಥದ್ದಲ್ಲ. ಮಣ್ಣಿನಿಂದ ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯನ ದೇಹದ ಕೊಬ್ಬಿಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಅದನ್ನು ಸರಿಯಾಗಿ ವಿಲೇವಾರಿ ಮಾಡಲು ಬಹಳ ಖರ್ಚು. ಖರ್ಚು ಉಳಿಸಲೆಂದು ಕೆಲವರು ಕತ್ತಲಲ್ಲಿ ಲಾರಿ ಓಡಿಸುತ್ತ, ಕೊಳವೆ ತೆರೆದು, ಸುಮಾರು 31 ಸಾವಿರ ಗ್ಯಾಲನ್ ಎಣ್ಣೆಯನ್ನು ರಸ್ತೆಯ ಅಂಚಿಗೆ ಸುರಿಯುತ್ತ ಹೋದರು. 14 ಕೌಂಟಿಗಳಲ್ಲಿ, 240 ಮೈಲಿಯಷ್ಟು ರಸ್ತೆಯ ಬದಿ ವಿಷವಾಯಿತು. ತಪ್ಪಿತಸ್ಥರು ಸಿಕ್ಕಿಬಿದ್ದರು, ಶಿಕ್ಷೆಯೂ ಆಯಿತು. ಆದರೆ ವಿಷ ಕುಡಿದ ಮಣ್ಣನ್ನು ಏನು ಮಾಡುವುದು?

ಅಗೆದು ತೆಗೆದು ಒಂದು ಕಡೆ ಹೂಳುವುದು ಎಂದು ಸರ್ಕಾರ ತೀರ್ಮಾನಿಸಿತು. ಆರಿಸಿಕೊಂಡ ಜಾಗ ವಾರೆನ್ ಕೌಂಟಿಯ ಆಫ್ಟನ್ ಎಂಬ ಹಳ್ಳಿ. ವಾರೆನ್ ರಾಜ್ಯದ ಅತಿ ಬಡ ಕೌಂಟಿಗಳಲ್ಲೊಂದು. ಅಲ್ಲಿನ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನ. ಬಹಳ ಮನೆಗಳಿಗೆ ಬಾವಿಯ ನೀರೇ ಆಧಾರ, ಅಂತರ್ಜಲವೂ ಮೇಲಕ್ಕೇ ಇತ್ತು. ಇಂಥ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ 50 ಅಡಿ ಅಂತರ ಇರಬೇಕೆಂಬ ನಿಯಮವಿತ್ತು. ಆ ನಿಯಮವನ್ನು ಇಲ್ಲಿ ಸಡಿಲಿಸಲಾಯಿತು. 'ಜಾಗವನ್ನು ವಿಜ್ಞಾನ ಆರಿಸಿದ್ದಾದರೆ ನಿಯಮ ಸಡಿಲಿಸಿದ್ದು ಏಕೆ?' ಎಂಬ ಜನರ ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಗಲಿಲ್ಲ. ನ್ಯಾಯಾಲಯಕ್ಕೆ ಹೋದರೂ ಪ್ರಯೋಜನವಾಗಲಿಲ್ಲ.

1982ರ ಸೆಪ್ಟೆಂಬರ್ 15ರಂದು ಮೊದಲ ಲಾರಿಗಳು ಬಂದವು. ಕೋಲಿ ಸ್ಪ್ರಿಂಗ್ಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇರಿದ ಜನ ಪ್ರಾರ್ಥನೆ ಮುಗಿಸಿ ಗುಂಡಿಯತ್ತ ನಡೆದರು. ಲಾರಿಗಳ ಮುಂದೆ ರಸ್ತೆಯಲ್ಲಿ ಅಡ್ಡಡ್ಡ ಮಲಗಿದರು. ಅಜ್ಜಿಯರಿದ್ದರು, ಶಾಲೆಯ ಮಕ್ಕಳಿದ್ದರು, ಅದೇ ಊರಿನ ಬಿಳಿಯರೂ ಇದ್ದರು. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿ ಬಸ್ಸಿಗೆ ತುಂಬಿದರು. ಸುಮಾರು ಆರು ವಾರ ಇದು ನಡೆಯಿತು. ಬಂಧನಗಳ ಸಂಖ್ಯೆ 500 ದಾಟಿತು. ಸ್ಥಳೀಯ ಮುಂದಾಳು ಡಾಲಿ ಬರ್ವೆಲ್ ಜೊತೆಗೆ ಪಾದ್ರಿಗಳಾದ ಬೆನ್ ಚೇವಿಸ್, ಜೋಸೆಫ್ ಲೋವರಿ, ವಾಷಿಂಗ್ಟನ್ ನಗರದ ಸಂಸತ್ ಪ್ರತಿನಿಧಿ ವಾಲ್ಟರ್ ಫಾಂಟ್ರಾಯ್ ಕೂಡ ಬಂಧಿತರಾದರು. ಆದರೂ ಲಾರಿಗಳು ನಿಲ್ಲಲಿಲ್ಲ. ಸುಮಾರು 7 ಸಾವಿರ ಲೋಡು ಮಣ್ಣು ಆಫ್ಟನ್ನಿನ ಗುಂಡಿ ಸೇರಿತು. ಲೆಕ್ಕಕ್ಕೆ ಹೇಳುವುದಾದರೆ ಜನ ಸೋತರು.

ಆದರೆ ಆ ಸೋಲಿನಲ್ಲಿ ಒಂದು ಹೊಸತನವಿತ್ತು. ಅದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಪರಿಸರ ಪ್ರೀತಿಗೆ ದೀರ್ಘ ಇತಿಹಾಸವಿದೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ 1872ರಷ್ಟು ಹಳೆಯದು. ಜಾನ್ ಮ್ಯೂರ್ ಮುಂತಾದವರ ಸಿಯೆರಾ ಕ್ಲಬ್ ಹುಟ್ಟಿದ್ದು 1892ರಲ್ಲಿ. ಆ ಪ್ರೀತಿ ಹೆಚ್ಚಾಗಿ ಕಾಡು, ಕಣಿವೆ, ಜಲಪಾತಗಳ ಮೇಲಿನದು. ಮನುಷ್ಯನ ಸುಳಿವಿಲ್ಲದ ನಿಸರ್ಗವೇ ಪವಿತ್ರ ಎಂಬ ಭಾವನೆ ಅದರ ಹಿಂದಿತ್ತು. ಆದರೆ ಆ ಕಾಡು ಹಿಂದೆಂದೂ ನಿರ್ಜನವಾಗಿರಲಿಲ್ಲ. ಪ್ರಸಿದ್ಧ ಯೊಸೆಮಿಟಿ ಕಣಿವೆಯ ಮೂಲನಿವಾಸಿಗಳನ್ನು 1851ರಲ್ಲಿ ಸಶಸ್ತ್ರ ಪಡೆ ಹೊರಗಟ್ಟಿತ್ತು. ಮ್ಯೂರ್ ಕಪ್ಪು ಜನರ ಮತ್ತು ಮೂಲನಿವಾಸಿಗಳ ಬಗ್ಗೆ ಹೀನಾಯವಾಗಿ ಬರೆದಿದ್ದರೆಂದು ಸಿಯೆರಾ ಕ್ಲಬ್ ತಾನೇ 2020ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ 1989ರಷ್ಟು ಹಿಂದೆಯೇ ಇಂಥ ಪರಿಸರವಾದವನ್ನು ತರಾಟೆಗೆ ತೆಗೆದುಕೊಂಡಿದ್ದರು. ಬಡ ದೇಶಗಳಲ್ಲಿ ಈ ಮಾದರಿ ಕಾಡಿನ ಬಡವರನ್ನೇ ಒಕ್ಕಲೆಬ್ಬಿಸುತ್ತದೆ ಎಂಬುದು ಅವರ ವಾದವಾಗಿತ್ತು.

ಇತ್ತ ಕಪ್ಪು ಜನರ ಹೋರಾಟದ ಪಟ್ಟಿಯಲ್ಲಿ ಮತದಾನ, ಶಾಲೆ, ಬಸ್ಸು, ಉದ್ಯೋಗ ಇದ್ದವು. 'ಪರಿಸರ' ಎಂಬ ಹೆಸರಿನಲ್ಲಿ ಏನೂ ಇರಲಿಲ್ಲ. ಹೆಸರು ಇರಲಿಲ್ಲವೇ ಹೊರತು ವಿಷಯ ಇತ್ತು. 1968ರಲ್ಲಿ ಮೆಂಫಿಸ್ ನಗರದಲ್ಲಿ ಮಳೆಗೆ ಆಶ್ರಯ ಪಡೆದಿದ್ದ ಇಬ್ಬರು ಕಪ್ಪು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ತಾವೂ ಮನುಷ್ಯರು ಎಂದು ಬರೆದ ಫಲಕ ಹಿಡಿದು ಬೀದಿಗೆ ಬಂದರು. ಅವರ ಬೆಂಬಲಕ್ಕೆ ಬಂದಿದ್ದಾಗಲೇ, ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. ಕಿಂಗ್ ಅವರ ಕೊನೆಯ ಹೋರಾಟ ಕಸ ಎತ್ತುವವರ ಹೋರಾಟವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

1979ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಮಧ್ಯಮ ವರ್ಗದ ಕಪ್ಪು ಜನರ ಬಡಾವಣೆಯೊಂದರ ಪಕ್ಕ ಕಸದ ಗುಂಡಿ ತೆರೆಯಲು ಹೊರಟಾಗ ನಿವಾಸಿಗಳು ಮೊಕದ್ದಮೆ ಹೂಡಿದರು. ನಾಗರಿಕ ಹಕ್ಕುಗಳ ಆಧಾರದ ಮೇಲೆ ಕಸದ ಗುಂಡಿಯನ್ನು ಪ್ರಶ್ನಿಸಿದ ಮೊದಲ ಮೊಕದ್ದಮೆ ಇದು. ವಕೀಲೆ ಲಿಂಡಾ ಬುಲಾರ್ಡ್. ಅವರ ಪತಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲಾರ್ಡ್, ನಗರದ ಕಸ ಎಲ್ಲೆಲ್ಲಿ ಬೀಳುತ್ತ ಬಂದಿದೆ ಎಂದು ಲೆಕ್ಕ ಹಾಕಿದರು. ನಗರಸಭೆಯ ಐದು ಗುಂಡಿಗಳಲ್ಲಿ ಐದೂ, ಕಸ ಸುಡುವ ಎಂಟು ಘಟಕಗಳಲ್ಲಿ ಆರು ಕಪ್ಪು ಜನರ ಕೇರಿಗಳಲ್ಲಿದ್ದವು. ನಗರದಲ್ಲಿ ಕಪ್ಪು ಜನರ ಪಾಲು ಕಾಲು ಭಾಗ ಮಾತ್ರ. ಮೊಕದ್ದಮೆ ಸೋತಿತು, ಲೆಕ್ಕ ಉಳಿಯಿತು.

ವಾರೆನ್‌ನಲ್ಲಿ ಈ ಎರಡು ಹೊಳೆಗಳು ಕೂಡಿದವು. ಅಲ್ಲಿಂದ ಹಿಂತಿರುಗಿದ ಫಾಂಟ್ರಾಯ್ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆಯಿಂದ ವಿಚಾರಣೆಗೆ ಒತ್ತಾಯಿಸಿದರು. ದಕ್ಷಿಣದ ಎಂಟು ರಾಜ್ಯಗಳಲ್ಲಿದ್ದ ಅಪಾಯಕಾರಿ ತ್ಯಾಜ್ಯದ ನಾಲ್ಕು ದೊಡ್ಡ ಗುಂಡಿಗಳಲ್ಲಿ ಮೂರು, ಕಪ್ಪು ಜನರೇ ಹೆಚ್ಚಾಗಿರುವ ಊರುಗಳಲ್ಲಿವೆ ಎಂದು 1983ರಲ್ಲಿ ಅದು ವರದಿ ಮಾಡಿತು. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಇಡೀ ದೇಶದ ಲೆಕ್ಕ ತೆಗೆಯಿತು. ವಿಷತ್ಯಾಜ್ಯದ ಘಟಕ ಎಲ್ಲಿರುತ್ತದೆ ಎಂಬುದನ್ನು ಆದಾಯಕ್ಕಿಂತ, ಮನೆಯ ಬೆಲೆಗಿಂತ ಹೆಚ್ಚು ಖಚಿತವಾಗಿ ಸೂಚಿಸುವುದು ನಿವಾಸಿಗಳ ಬಣ್ಣ ಎಂಬುದು ಅದರ ತೀರ್ಮಾನ. ಚೇವಿಸ್ ಇದಕ್ಕೆ 'ಪರಿಸರ ವರ್ಣಭೇದ' ಎಂದು ಹೆಸರಿಟ್ಟರು.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಕೇಳಲೇಬೇಕು. ಗುಂಡಿ ಮೊದಲು ಬಂತೋ, ಬಡವರು ಮೊದಲು ಬಂದರೋ? ಗುಂಡಿಯ ಪಕ್ಕ ಬಾಡಿಗೆ ಕಡಿಮೆ, ಆದ್ದರಿಂದ ಬಡವರು ಅಲ್ಲಿಗೆ ಬರುತ್ತಾರೆ. ಇದು ಮಾರುಕಟ್ಟೆಯ ಕೆಲಸ, ದ್ವೇಷದ್ದಲ್ಲ ಎಂದು ಕೆಲವರು ಹೇಳುತ್ತಾರೆ. ಪಾಲ್ ಮೊಹಾಯ್ ಮತ್ತು ರಾಬಿನ್ ಸಾಹಾ ದಶಕಗಳ ಅಂಕಿಅಂಶ ಜೋಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೇ ಬೇರೆ. ಘಟಕಗಳು ಬಂದದ್ದು ಹೆಚ್ಚಾಗಿ ಕಪ್ಪು ಜನ ಮತ್ತು ಬಡವರು ಆಗಲೇ ಇದ್ದ, ಬಿಳಿಯರು ಬಿಟ್ಟು ಹೋಗುತ್ತಿದ್ದ ಜಾಗಗಳಿಗೆ. ಮಾರುಕಟ್ಟೆಯೂ ಬಣ್ಣ ನೋಡದೆ ನಡೆದಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆಸಿ, ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯ ಎಂದು ಗುರುತಿಸಿತ್ತು. ಸಾಲವಿಲ್ಲದೆ ಮನೆ ಮೇಲೇಳಲಿಲ್ಲ, ನೆಲದ ಬೆಲೆ ಬಿತ್ತು. ಬೆಲೆ ಬಿದ್ದ ನೆಲಕ್ಕೆ ಕಾರ್ಖಾನೆ ಬಂತು, ಹೆದ್ದಾರಿ ಬಂತು, ಗುಂಡಿ ಬಂತು. ಇಷ್ಟಕ್ಕೆ ಯಾರೊಬ್ಬರ ಮನಸ್ಸಿನಲ್ಲೂ ದ್ವೇಷ ಇರಬೇಕಾಗಿಲ್ಲ. ಪ್ರತಿಭಟಿಸುವ ಶಕ್ತಿ ಎಲ್ಲಿ ಕಡಿಮೆಯೋ ಅಲ್ಲಿಗೆ ಹೋಗುವ ಅಭ್ಯಾಸವಿದ್ದರೆ ಸಾಕು.

1990ರಲ್ಲಿ ಈ ಸಮುದಾಯಗಳ ಸಂಘಟನೆಗಳು ದೇಶದ ಹತ್ತು ದೊಡ್ಡ ಪರಿಸರ ಸಂಸ್ಥೆಗಳಿಗೆ ನೇರವಾಗಿ ಪತ್ರ ಬರೆದವು. ನಿಮ್ಮ ಆಡಳಿತದಲ್ಲಿ, ನಿರ್ಧಾರಗಳಲ್ಲಿ ನಮ್ಮವರು ಎಲ್ಲಿದ್ದಾರೆ ಎಂಬುದು ಅವುಗಳ ತಿರುಳು. ಮರುವರ್ಷ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಜನ, ಮೂಲನಿವಾಸಿಗಳು, ಲ್ಯಾಟಿನ್ ಮತ್ತು ಏಷ್ಯಾ ಮೂಲದವರು ಸೇರಿ ಸಮ್ಮೇಳನ ನಡೆಸಿ 17 ತತ್ತ್ವಗಳನ್ನು ಅಂಗೀಕರಿಸಿದರು. ಮೂಲನಿವಾಸಿಗಳಿಗೆ ಇದು ಹೊಸ ಮಾತಾಗಿರಲಿಲ್ಲ. ನವಾಹೊ ಜನರ ನೆಲದಿಂದ 1944 ಮತ್ತು 1986ರ ನಡುವೆ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ಹೊರಹೋಗಿತ್ತು. ಅಲ್ಲಿ ಉಳಿದದ್ದು 500ಕ್ಕೂ ಹೆಚ್ಚು ಪಾಳುಗಣಿಗಳು. ವಿಷವನ್ನು ಪಕ್ಕದ ಊರಿಗೆ ದಾಟಿಸಿ ಎಂದು ಸಮ್ಮೇಳನ ಕೇಳಲಿಲ್ಲ. ವಿಷ ಉತ್ಪಾದನೆಯೇ ನಿಲ್ಲಬೇಕು, ನಿರ್ಧಾರದ ಪ್ರತಿ ಹಂತದಲ್ಲೂ ಜನರಿಗೆ ಸಮಪಾಲು ಬೇಕು ಎಂದು ಕೇಳಿತು.

1994ರ ಫೆಬ್ರವರಿ 11ರಂದು ಅಧ್ಯಕ್ಷ ಕ್ಲಿಂಟನ್ ಆದೇಶ ಹೊರಡಿಸಿದರು. ಕೇಂದ್ರ ಸರ್ಕಾರದ ಪ್ರತಿ ಇಲಾಖೆಯೂ ತನ್ನ ಕೆಲಸ ಬಡವರ, ಅಲ್ಪಸಂಖ್ಯಾತರ ಆರೋಗ್ಯದ ಮೇಲೆ ಹೆಚ್ಚಿನ ಹೊರೆ ಹಾಕುತ್ತದೆಯೇ ಎಂದು ನೋಡಬೇಕಾಯಿತು. ಆದೇಶ ಇದ್ದೂ 2014ರಲ್ಲಿ ಮಿಚಿಗನ್ನಿನ ಫ್ಲಿಂಟ್ ನಗರದ ದುರಂತ ತಪ್ಪಲಿಲ್ಲ. ಹಣ ಉಳಿಸಲೆಂದು ಅಲ್ಲಿ ನದಿ ನೀರನ್ನು ಕೊಳವೆಗೆ ಬಿಟ್ಟರು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಹಾಕಲಿಲ್ಲ. ಸೀಸ ನೀರಿಗಿಳಿದು ಮಕ್ಕಳ ರಕ್ತ ಸೇರಿತು. ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿರುವ ಆ ಊರಿನವರು ಬಣ್ಣಗೆಟ್ಟ ನೀರನ್ನು ಬಾಟಲಿಯಲ್ಲಿ ಹಿಡಿದು ತೋರಿಸಿದರೂ ಅಧಿಕಾರಿಗಳು ತಿಂಗಳುಗಟ್ಟಲೆ ನಂಬಲಿಲ್ಲ. ಇದರ ಬೇರು ವರ್ಣಭೇದದ ದೀರ್ಘ ಇತಿಹಾಸದಲ್ಲಿದೆ ಎಂದು ರಾಜ್ಯದ ನಾಗರಿಕ ಹಕ್ಕುಗಳ ಆಯೋಗವೇ 2017ರಲ್ಲಿ ಹೇಳಿತು. ಕ್ಲಿಂಟನ್ ಆದೇಶವನ್ನು 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ರದ್ದುಗೊಳಿಸಿದರು. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಯಿತು.

ಹಾಗಾದರೆ ಉಳಿದದ್ದೇನು? ವಾರೆನ್ ಜನ 1982ರಲ್ಲಿ ಸೋತು ಮನೆಗೆ ಹೋಗಿ ಕೂರಲಿಲ್ಲ. ತಂತ್ರಜ್ಞಾನ ದೊರೆತಾಗ ಗುಂಡಿಯನ್ನು ಶುದ್ಧೀಕರಿಸುವುದಾಗಿ ರಾಜ್ಯಪಾಲರು ಅಂದು ಮಾತು ಕೊಟ್ಟಿದ್ದರು. ಅದನ್ನು ಜನ ಎರಡು ದಶಕ ನೆನಪಿಸುತ್ತಲೇ ಇದ್ದರು. ಕೊನೆಗೆ ಸುಮಾರು 1.8 ಕೋಟಿ ಡಾಲರ್ ಖರ್ಚಿನಲ್ಲಿ ಮಣ್ಣನ್ನು ಕಾಯಿಸಿ ಪಿಸಿಬಿ ಬೇರ್ಪಡಿಸುವ ಕೆಲಸ 2003ರ ಕೊನೆಗೆ ಮುಗಿಯಿತು. ರಸ್ತೆಯಲ್ಲಿ ಮಲಗಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಗಿಡ ನೆಡುವುದು, ನದಿ ಉಳಿಸುವುದು ಪರಿಸರದ ಕೆಲಸವೇ, ಸಂದೇಹವಿಲ್ಲ. ಆದರೆ ಹೊಸ ಗುಂಡಿಗೋ ಕಾರ್ಖಾನೆಗೋ ಜಾಗ ಹುಡುಕುವ ಸಭೆಯಲ್ಲಿ ಆ ಜಾಗದ ಜನರಿಗೊಂದು ಕುರ್ಚಿ ಇದೆಯೇ ಎಂದು ಕೇಳುವುದೂ ಪರಿಸರದ ಕೆಲಸ ಎಂಬುದನ್ನು ಆಫ್ಟನ್ ಎಂಬ ಪುಟ್ಟ ಹಳ್ಳಿ ಕಲಿಸಿಕೊಟ್ಟಿತು.